ಕನ್ನಡಿಯಂಥ ನೆಲದಲ್ಲಿ ಒಂದು ಒರಟು ದಾರಿ

ತೆರಕಣಾಂಬಿಯ ನಮ್ಮ ಮನೆಯ ನೆಲ, ಕಲ್ಲು ಬರುವುದಕ್ಕೆ ಮೊದಲೂ ಕಪ್ಪಗೇ ಇತ್ತು. ಅದು ಮಣ್ಣಿನ ನೆಲ. ವಾರಕ್ಕೊಮ್ಮೆ ಸಗಣಿಯಲ್ಲಿ ಸಾರಿಸುವಾಗ ಸತ್ತ ಬ್ಯಾಟರಿ ಸೆಲ್ಲನ್ನು ಒಡೆದು, ಅದರೊಳಗಿನ ಕರಿ ಪುಡಿಯನ್ನು ಕಲಸುತ್ತಿದ್ದರು. ಒಣಗಿದ ಮೇಲೆ ನೆಲಕ್ಕೆ ಹೊಸ ಸ್ಲೇಟಿನ ಬಣ್ಣ ಬರುತ್ತಿತ್ತು. ಅಪ್ಪ ಬಂಡೀಪುರದಲ್ಲಿ ಅರಣ್ಯ ಇಲಾಖೆಯ ವಾಚರ್ ಆಗಿದ್ದರಿಂದ ಟಾರ್ಚಿನ ಸೆಲ್ಲುಗಳಿಗೆ ನಮ್ಮಲ್ಲಿ ಕೊರತೆಯಿರಲಿಲ್ಲ. ಅವರು ರಜೆಗೆ ಬಂದರೆಂದು ತಿಳಿದರೆ ಬೀದಿಯ ಹೆಂಗಸರು ಕ್ಷೇಮ ವಿಚಾರಿಸುವ ನೆಪದಲ್ಲಿ ಬಂದು ಸೆಲ್ಲು ಕೇಳಿ ಒಯ್ಯುತ್ತಿದ್ದರು. ಹಾಗೆಂದು ನನ್ನ ನೆನಪು. ಅವ್ವನನ್ನು ಕೇಳಿದರೆ, “ಬಂದಿದ್ದು ಒಬ್ಬಳೆಯ ಕಣಮ್ಮಿ, ಅದೂ ಒಂದ್ಸಲ” ಎನ್ನುತ್ತಾಳೆ.

ನಾನು ದಿನಚರಿ ಬರೆಯುವವಳು, ಓದಿದ್ದು ಇತಿಹಾಸ. ಬರೆದಿಟ್ಟದ್ದನ್ನೇ ಪೂರ್ತಿ ನಂಬಬಾರದು, ನೆನಪನ್ನಂತೂ ಇನ್ನೂ ನಂಬಬಾರದು ಎಂದು ಮೈಸೂರಿನಲ್ಲಿ ಎಂ.ಎ. ಓದುವಾಗ ಕಲಿತಿದ್ದೆ. ಈ ನೆಲದ ಸಂಗತಿ ನಡೆದದ್ದು ತೊಂಬತ್ತರ ದಶಕದ ನಡುವಿನ ವರ್ಷಗಳಲ್ಲಿ. ಆ ಕಾಲದ ದಿನಚರಿ ತೆಗೆದು ನೋಡಿದರೆ ನಾನು ಪಾಠ ಮಾಡುತ್ತಿದ್ದ ಗುಂಡ್ಲುಪೇಟೆಯ ಕಾಲೇಜು, ತಡವಾಗಿ ಬಂದ ಬಸ್ಸು, ಪರೀಕ್ಷೆಯ ಪೇಪರುಗಳು, ಇಷ್ಟೇ. ನೆಲದ ಬಗ್ಗೆ ಒಂದು ಸಾಲೂ ಇಲ್ಲ. ಹಾಗಾಗಿ ಇಲ್ಲಿ ಬರೆಯುವುದೆಲ್ಲ ನೆನಪಿನಿಂದಲೇ. ಅವ್ವನೋ ಅಣ್ಣನೋ ಒಪ್ಪದ ಕಡೆ ಹಾಗೆಂದು ಹೇಳಿಬಿಡುತ್ತೇನೆ.

ನೆಲ ಸಾರಿಸುತ್ತಿದ್ದವರು ಅತ್ತೆ, ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ, ನಾನು ಹುಟ್ಟುವ ಮೊದಲೇ, ತವರಿಗೆ ಬಂದು ನಮ್ಮೊಂದಿಗೇ ಉಳಿದವರು. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ನಾನು ಮಗುವಾಗಿದ್ದಾಗ ಅವರೇ ಸೂಜಿಗೆ ದಾರ ಪೋಣಿಸುತ್ತಿದ್ದರಂತೆ. ನಾನು ಬಲ್ಲ ಅತ್ತೆ ಮಾತ್ರ ಮೊದಲಿಂದಲೂ ಕೈಯಿಂದ, ಕಾಲಿಂದ ನೋಡುವವರು. ಹಿತ್ತಲ ಬಾಗಿಲ ಹತ್ತಿರದ ಗೋಡೆಯ ಮೂಲೆಯಿಂದ ಶುರುಮಾಡಿ, ಕುಕ್ಕರುಗಾಲಲ್ಲಿ ಹಿಂದಕ್ಕೆ ಸರಿಯುತ್ತ, ಅಂಗೈಯಿಂದ ಅರ್ಧಚಂದ್ರದಂಥ ಗೆರೆಗಳನ್ನು ಎಳೆಯುತ್ತ ಇಡೀ ಪಡಸಾಲೆಯನ್ನು ಸಾರಿಸಿ ಜಗಲಿಗೆ ಬಂದು ಸೇರುತ್ತಿದ್ದರು. ಒಂದು ಅಂಗೈ ಜಾಗವೂ ಬಿಟ್ಟುಹೋಗುತ್ತಿರಲಿಲ್ಲ. ಕಂಬದ ಬುಡದಲ್ಲಿ ಒಂದು ತಗ್ಗು, ಅಡಿಗೆಮನೆಯ ಮುಂದೆ ಸಣ್ಣ ಇಳಿಜಾರು, ಹಿತ್ತಲ ಕಡೆ ಒರಟು ಮಣ್ಣು, ಎಲ್ಲವೂ ಅವರ ಪಾದಕ್ಕೆ ಗೊತ್ತು. ಕೋಲು ಹಿಡಿದವರಲ್ಲ, ಗೋಡೆ ಸವರಿದವರಲ್ಲ. ನಾವು ಯಾರಾದರೂ ದಾರಿಗೆ ಅಡ್ಡ ಕೂತಿದ್ದರೆ “ಯಾವ್ದು ಆ ಮೂಟೆ?” ಎಂದು ಬೆನ್ನಿಗೊಂದು ತಟ್ಟಿ ಮುಂದೆ ಹೋಗುತ್ತಿದ್ದರು.

ಅಣ್ಣನಿಗೆ ಚಾಮರಾಜನಗರದ ಹೊರಗೆ ಕಲ್ಲು ಕೊಯ್ಯುವ ಒಂದು ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿತ್ತು. ನನಗೂ ಸಂಬಳ ಬರತೊಡಗಿತು. ಹಸು ನೋಡಿಕೊಳ್ಳುವವರಿಲ್ಲದೆ ಕೊಟ್ಟುಬಿಟ್ಟೆವು. ಆಮೇಲೆ ಸಗಣಿಗೂ ಪಕ್ಕದ ಮನೆಯವರನ್ನು ಕೇಳಬೇಕಾಯಿತು. ಅವ್ವನಿಗೆ ಅದು ಹಿಡಿಸಲಿಲ್ಲ. “ಹಾಲು ಕೇಳ್ಬೌದು, ಮೊಸ್ರು ಕೇಳ್ಬೌದು. ವಾರ ವಾರ ಓಗಿ ಸಗಣಿ ಕೊಡ್ರವ್ವ ಅನ್ನಕ್ಕ ಆಯ್ತದಾ?” ಎಂದಳು. ಹೊಸ ನೆಲದ ಮಾತು ಶುರುವಾದದ್ದು ಅಲ್ಲಿಂದ.

ಒಂದು ಭಾನುವಾರ ಅವ್ವ, ಅಣ್ಣ, ನಾನು ಗುಂಡ್ಲುಪೇಟೆಗೆ ಹೋಗಿ ಊಟಿ ರಸ್ತೆಯ ಅಂಗಡಿಯೊಂದನ್ನು ಹೊಕ್ಕೆವು. ಅಂಗಡಿಯವರು ಕೇರಳದವರು. ಮೊಸಾಯಿಕ್ ಬಿಲ್ಲೆ, ಹೂವಿನ ಚಿತ್ರದ ಟೈಲ್ಸು, ಕೊನೆಗೆ ಚಾಪೆಯ ಹಾಗೆ ಸುತ್ತಿಟ್ಟ ಒಂದು ಪ್ಲಾಸ್ಟಿಕ್ ಹಾಸು ಬಿಚ್ಚಿ ತೋರಿಸಿದರು. ಅದರ ಮೇಲೆ ಮರದ ಹಲಗೆಗಳ ಚಿತ್ರ ಅಚ್ಚಾಗಿತ್ತು.

“ಚೇಚಿ, ಇದು ಬಂದು ಪುದಿಯ ಮಾಡಲ್, ಹೊಸದು. ಗಾರೆ ಬೇಡ, ಮೇಸ್ತ್ರಿ ಬೇಡ. ಬೆಳಿಗ್ಗೆ ಹಾಸಿ, ಮಧ್ಯಾಹ್ನ ಊಟಕ್ಕೆ ಕೂತ್ಕೊಳ್ಳಿ.”

ಅವ್ವ ಬಗ್ಗಿ ಬೆರಳಲ್ಲಿ ಕೆರೆದು ನೋಡಿದಳು. “ಮರನಾ ಇದು?”

“ಮರ ಅಲ್ಲ ಚೇಚಿ, ಮರದ ಹಾಗೆ.”

“ಮರದಂಗ ಇರೋದ್ನ ಆಸ್ಕಂಡು ಏನ್ ಮಾಡನ? ನಮ್ಮನೆವ್ರು ಕಾಡಲ್ಲಿ ದಿನಾ ನಿಜವಾದ ಮರನೇ ಕಾಯ್ತಾರ.”

ಅಂಗಡಿಯವರು ಜೋರಾಗಿ ನಕ್ಕರು. ಅಣ್ಣನಿಗೆ ಮಾತ್ರ ಅವಮಾನವಾದಂತಿತ್ತು. ಹೊರಗೆ ಬಂದವನೇ, “ಕಲ್ ಫ್ಯಾಕ್ಟ್ರೀಲಿ ಕೆಲ್ಸ ಮಾಡೋನ ಮನ್ಗ ಪ್ಲಾಸ್ಟಿಕ್ಕಾ? ಬುಡವ್ವ, ನಾನು ಕಲ್ಲು ತತ್ತೀನಿ. ಊರೇ ಬಂದು ನೋಡ್ಬೇಕು” ಎಂದ.

ಅವನ ಫ್ಯಾಕ್ಟರಿಗೆ ಬರುತ್ತಿದ್ದದ್ದು ಅಲ್ಲಿನ ಗುಡ್ಡಗಳ ಕರಿಕಲ್ಲು. ಮನೆಯ ಒಂದು ಕೋಣೆಯಷ್ಟಿರುವ ಬಂಡೆಯನ್ನು ರೊಟ್ಟಿಯ ಹಾಗೆ ತೆಳ್ಳಗೆ ಕೊಯ್ದು, ಒಂದು ಮೈಯನ್ನು ಮಾತ್ರ ಉಜ್ಜಿ ಹೊಳಪು ಬರಿಸಿ, ಪೆಟ್ಟಿಗೆಯಲ್ಲಿಟ್ಟು ಹೊರದೇಶಕ್ಕೆ ಕಳಿಸುತ್ತಿದ್ದರು. ಅಂಚು ಒಡೆದದ್ದು, ಮೂಲೆ ಹಾರಿದ್ದು ಅಲ್ಲೇ ಉಳಿಯುತ್ತಿತ್ತು. ಕೆಲಸದವರು ಬೇಕಾದರೆ ಒಯ್ಯಬಹುದಿತ್ತು. ಅಣ್ಣ ತಿಂಗಳುಗಟ್ಟಲೆ ಆ ತುಂಡುಗಳನ್ನು ಆರಿಸಿದ. ಹೊಳಪಿಲ್ಲದ್ದನ್ನು ಮುಟ್ಟಲಿಲ್ಲ. ಅವನ ಪರೀಕ್ಷೆ ಒಂದೇ: ಕಲ್ಲನ್ನು ಎತ್ತಿ ಮುಖದ ಮುಂದೆ ಹಿಡಿಯುವುದು, ಮೀಸೆಯ ಕೂದಲು ಬಿಡಿಬಿಡಿಯಾಗಿ ಕಂಡರೆ ಪಾಸು. ಇದು ಅಣ್ಣ ತಾನೇ ಹೇಳಿ ನಗಿಸುತ್ತಿದ್ದದ್ದು, ನಾನು ಕಂಡದ್ದಲ್ಲ.

ಹರದನಹಳ್ಳಿಯ ಮೇಸ್ತ್ರಿ ಬಂದು ನೆಲ ಹಾಕಿದರು. ಒಂದರ ಹಾಗೆ ಒಂದಿಲ್ಲದ ತುಂಡುಗಳನ್ನು ಅಂಚಿಗೆ ಅಂಚು ಕೂಡಿಸಿ, ಸಂದುಗಳಿಗೆ ಕರಿಬಣ್ಣ ಕಲಸಿದ ಸಿಮೆಂಟು ತುಂಬಿದರು. ಮುಗಿದಾಗ ನಮಗೇ ಒಳಗೆ ಕಾಲಿಡಲು ಸಂಕೋಚ. ಮಾಡಿನ ತೊಲೆ, ಬಿದಿರಿನ ಗಣೆ, ಗೋಡೆಯ ಕ್ಯಾಲೆಂಡರು ಎಲ್ಲ ಕೆಳಗೆ ಇನ್ನೊಂದು ಸಲ ಕಾಣುತ್ತಿದ್ದವು. ನೋಡಲು ಬಂದ ಪಕ್ಕದ ಮನೆಯಾಕೆ ಹೊಸಲಲ್ಲೇ ಸೀರೆ ಎತ್ತಿ ಹಿಡಿದು, “ಏನವ್ವ, ನೆಲವಾ ಕೆರೆಯಾ? ಈಜು ಬರಲ್ಲ ನಂಗ” ಎಂದಳು. ಮಾತಾಡುತ್ತ ನಿಂತವರೆಲ್ಲ ಕಣ್ಣು ಕೆಳಗೆ ಹಾಕಿ ಹಣೆಯ ಕುಂಕುಮ ಸರಿಮಾಡಿಕೊಳ್ಳುತ್ತಿದ್ದರು. ಅಣ್ಣ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದ. ಅವನು ಅಷ್ಟು ಸಂತೋಷವಾಗಿದ್ದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಅತ್ತೆ ಒಳಗೆ ಒಂದು ಹೆಜ್ಜೆ ಇಟ್ಟು ನಿಂತುಬಿಟ್ಟರು.

“ನೀರು ಚೆಲ್ಲೀರಾ?”

“ಇಲ್ಲ ಕಣತ್ತೆ, ಒಣಗೇ ಅದ,” ಎಂದ ಅಣ್ಣ. “ಪಾಲಿಶು ಅದು.”

ಅವರು ಇನ್ನೊಂದು ಹೆಜ್ಜೆ ಇಟ್ಟರು. ಕಾಲ್ಬೆರಳು ಮಡಿಸಿ ನೆಲವನ್ನು ಹಿಡಿಯಲು ನೋಡಿದರು. ಹಿಡಿಯಲು ಏನೂ ಇರಲಿಲ್ಲ. ಎಲ್ಲ ಕಡೆಯೂ ಒಂದೇ ತಂಪು, ಒಂದೇ ನಯ. ತಗ್ಗಿಲ್ಲ, ಇಳಿಜಾರಿಲ್ಲ. ಅಡಿಗೆಮನೆ ಎಲ್ಲಿ, ಹಿತ್ತಲು ಎಲ್ಲಿ ಎಂದು ಹೇಳುವ ಗುರುತೇ ಇಲ್ಲ. “ಚೆನ್ನಾಗದ ಕಣ್ಲಾ” ಎಂದರು ಅಣ್ಣನಿಗೆ. ಆ ಮಾತು ಮನಸ್ಸಿನಿಂದಲೇ ಬಂದಿತ್ತು ಎಂದುಕೊಂಡಿದ್ದೇನೆ. ಅವನ ದನಿಯಲ್ಲಿದ್ದ ಖುಷಿ ಅವರಿಗೂ ಕೇಳಿರಬೇಕು.

ಕೆಲವು ದಿನ ಗೋಡೆ ಹಿಡಿದು ಓಡಾಡಿದರು. ಅಷ್ಟರಲ್ಲಿ ಹಬ್ಬ ಬಂತು. ಗೌರಿಯೋ ದೀಪಾವಳಿಯೋ, ಖಚಿತವಿಲ್ಲ. ಕರಿಕಲ್ಲಿನ ದೇವರಿಗೆ ಎಣ್ಣೆ ಹಚ್ಚಿದರೆ ಕಳೆ ಬರುತ್ತದಲ್ಲ, ಹಾಗೇ ನೆಲಕ್ಕೂ ಇರಲಿ ಎಂದು ಅವ್ವ ಒಂದು ಬಟ್ಟೆಗೆ ಕೊಬ್ಬರಿ ಎಣ್ಣೆ ಅದ್ದಿ ಪಡಸಾಲೆಯನ್ನೆಲ್ಲ ಒರೆಸಿದಳು. ನೆಲ ಇನ್ನಷ್ಟು ಹೊಳೆಯಿತು. ಅತ್ತೆ ಅಡಿಗೆಮನೆಯಿಂದ ಬರುವಾಗ ಎರಡೂ ಕಾಲು ಒಟ್ಟಿಗೆ ಮುಂದಕ್ಕೆ ಹೋಗಿ ಕುಕ್ಕರಿಸಿ ಬಿದ್ದರು. ಮೂಳೆಗೆ ಏನೂ ಆಗಲಿಲ್ಲ. “ಏನಿಲ್ಲ ಬುಡ್ರವ್ವ, ಕೂರನ ಅಂತಾನೇ ಇದ್ದೆ” ಎಂದು ಅವರೇ ನಕ್ಕರು. ಅವ್ವ ಅಳುತ್ತ ಸೀಗೆಪುಡಿ ಹಾಕಿ ನೆಲ ತಿಕ್ಕಿದಳು.

ಆ ದಿನದಿಂದ ಅತ್ತೆ ನಡೆಯುವುದನ್ನು ನಿಲ್ಲಿಸಿದರು.

ಗೋಡೆಯ ಬದಿಯ ಚಾಪೆಯ ಮೇಲೆ ಕೂತಿರುತ್ತಿದ್ದರು. ಹಿತ್ತಲಿಗೆ ಹೋಗಬೇಕಾದರೆ ಅವ್ವನನ್ನೋ ನನ್ನನ್ನೋ ಕರೆಯಬೇಕು. ಕರೆಯಲು ಅವರಿಗೆ ನಾಚಿಕೆ. ಒಂದು ದಿನ ಅವ್ವ ಬಚ್ಚಲ ಹತ್ತಿರ ನನ್ನನ್ನು ಕರೆದು ಮೆಲ್ಲಗೆ ಹೇಳಿದಳು: “ನೋಡ್ದಾ, ನಿಮ್ಮತ್ತೆ ಕಾಫಿ ಅರ್ಧ ಬುಡ್ತಾವ್ರ. ನೀರೂ ಕುಡೀತಿಲ್ಲ. ಎದ್ದೋಗ್ಬೇಕಾಯ್ತದಲ್ಲ ಅಂತ.” ನಾನು ಗಮನಿಸಿರಲಿಲ್ಲ. ಅವ್ವ ಗಮನಿಸಿದ್ದಳು. ಆಮೇಲೆ ದಿನವೂ ಲೋಟ ನೋಡತೊಡಗಿದೆ. ತಳದಲ್ಲಿ ಕಾಫಿ ಉಳಿದೇ ಇರುತ್ತಿತ್ತು. ಮನೆಯ ಒಂದು ಬಾಗಿಲಿಂದ ಇನ್ನೊಂದಕ್ಕೆ ಬಿರುಸಾಗಿ ಓಡಾಡುತ್ತಿದ್ದವರು ಇನ್ನು ಮುಂದೆ ನಮ್ಮ ಕೈ ಹಿಡಿದೇ ಬದುಕಬೇಕಾಗುತ್ತದೆ ಎಂಬ ಭಯ ನಮ್ಮಿಬ್ಬರಲ್ಲೂ ಹೊಕ್ಕಿತು. ಅಣ್ಣನಿಗೆ ಹೇಗೆ ಹೇಳುವುದು? ಅವನು ಸಂಜೆ ಬಂದು, ಕೈಕಾಲು ತೊಳೆದು, ಒಣ ಬಟ್ಟೆಯಿಂದ ತಾನೇ ನೆಲ ಒರೆಸಿ ಆಮೇಲೆ ಕೂರುತ್ತಿದ್ದ. ಗೋಣಿಚೀಲ ಹಾಸಿ ನೋಡಿದೆವು; ಗೋಣಿಯೇ ಕಾಲಡಿಯಲ್ಲಿ ಜಾರಿತು.

ಬಚ್ಚಲ ಪಕ್ಕದಲ್ಲಿ ಬಟ್ಟೆ ಒಗೆಯಲು ಒಂದು ಕಲ್ಲು ಹಾಕಿದ್ದೆವು. ಅದೂ ಅದೇ ಫ್ಯಾಕ್ಟರಿಯದು, ಉಜ್ಜುವುದಕ್ಕೆ ಮೊದಲೇ ಒಡೆದದ್ದು. ನುಣುಪಾದ ಕಲ್ಲಿನ ಮೇಲೆ ಬಟ್ಟೆ ನಿಲ್ಲುವುದಿಲ್ಲವೆಂದು ಮೇಸ್ತ್ರಿ ತರಿಸಿದ್ದು. ಬೂದಿ ಬಣ್ಣ, ಮೈತುಂಬ ಗರಗಸದ ಸಣ್ಣ ಗೆರೆಗಳು. ಒಂದು ಬೆಳಿಗ್ಗೆ ಅತ್ತೆಯನ್ನು ನಾನು ಹಿತ್ತಲಿಗೆ ಕರೆದೊಯ್ದಾಗ ಅವರ ಕಾಲು ಅದರ ಮೇಲೆ ಬಿತ್ತು. ಅಲ್ಲೇ ನಿಂತರು. ಪಾದವನ್ನು ಹಿಂದೆ ಮುಂದೆ ಉಜ್ಜಿದರು. ನನ್ನ ಕೈ ಬಿಟ್ಟರು.

“ಇದ್ಯಾವ ಊರ ಕಲ್ಲು?”

ಅಣ್ಣ ಹಲ್ಲುಜ್ಜುತ್ತ ನಿಂತಿದ್ದ. “ಅದೇ ಕಲ್ಲು ಕಣತ್ತೆ. ಪಾಲಿಶ್ ಮಾಡಿಲ್ಲ ಅಷ್ಟೆಯ.”

“ಮತ್ತ ಅದ್ರ ಚರ್ಮ ಸುಲ್ದು ಮನೆ ಒಳಕ್ಕ ಯಾಕ್ಲಾ ಆಕ್ದೆ?”

ಇಲ್ಲಿ ನಮ್ಮ ನೆನಪುಗಳು ಬೇರೆ ಬೇರೆ ದಾರಿ ಹಿಡಿಯುತ್ತವೆ. ಈ ಮಾತು ಅತ್ತೆಯದೇ ಎಂದು ನಾನು ಆಣೆ ಮಾಡಿ ಹೇಳಬಲ್ಲೆ. ಅಣ್ಣನ ಪ್ರಕಾರ ಮೊದಲು ಹೇಳಿದ್ದು ಅವ್ವ. ಅವ್ವನಂತೂ, ಅತ್ತೆ ಓಡಾಡುವ ಕಡೆಗೆಲ್ಲ ಇಂಥದೇ ಕಲ್ಲು ಹಾಕಬಹುದು ಎಂಬ ಯೋಚನೆ ತನ್ನ ಮಗಳಿಗೇ ಹೊಳೆದದ್ದು ಎಂದು ಈಗಲೂ ನೆಂಟರ ಮುಂದೆ ಹೇಳಿ ನನ್ನನ್ನು ಮುಜುಗರಕ್ಕೆ ಸಿಕ್ಕಿಸುತ್ತಾಳೆ. ನನಗೆ ಹಾಗೇನೂ ಹೊಳೆದ ನೆನಪಿಲ್ಲ. ಮೂರೂ ಜನ ಇನ್ನೊಬ್ಬರ ಕಡೆ ಬೆರಳು ತೋರಿಸುತ್ತೇವೆ. ಕೃತಜ್ಞತೆ ಯಾರಿಗೆ ಸಲ್ಲಬೇಕೋ ತಿಳಿಯದೆ ಎಲ್ಲರಿಗೂ ಸಲ್ಲಿಸುವುದು ನನಗೆ ಅಭ್ಯಾಸವಾಗಿದೆ, ಅದರಿಂದ ನಷ್ಟವೇನೂ ಆಗಿಲ್ಲ.

ಅಣ್ಣ ಸುಲಭಕ್ಕೆ ಒಪ್ಪಲಿಲ್ಲ. ಫ್ಯಾಕ್ಟರಿಯವರು ನೆಲ ನೋಡಲು ಬರುತ್ತೇವೆ ಎಂದಿದ್ದರು. “ಪಡಸಾಲೆ ಮಧ್ಯಕ್ಕ ಬೂದಿ ಗೆರೆ ಎಳ್ದಂಗ ಕಾಣ್ತದ. ಕಲ್ಲು ಸಾಲ್ದೆ ಬಂತೇನೋ ಅಂತ ಆಡ್ಕತ್ತಾರ” ಎಂದ. ಆ ವಾರ ಅಪ್ಪ ರಜೆಗೆ ಬಂದರು. ಊಟಕ್ಕೆ ಕೂತಾಗ ಎಲ್ಲ ಕೇಳಿಸಿಕೊಂಡು, ಮುದ್ದೆ ಮುರಿಯುತ್ತ ಹೇಳಿದರು:

“ಕಾಡಲ್ಲಿ ಆನೆ ತಿರ್ಗೋ ದಾರಿಗ ನಾವು ಒಂದು ಕಡ್ಡಿ ಅಡ್ಡ ಇಡಲ್ಲ ಕಣ್ಲಾ. ನೀನು ನಮ್ಮಕ್ಕನ ದಾರಿಗ ಎಣ್ಣೆ ಉಯ್ದಿದ್ದಿಯಲ್ಲ.”

“ಎಣ್ಣೆ ಉಯ್ದಿದ್ದು ನಾನು,” ಎಂದಳು ಅವ್ವ, ಅಡಿಗೆಮನೆಯಿಂದ.

ಅತ್ತೆ ಚಾಪೆಯ ಮೇಲಿಂದ, “ಅಯ್ಯೋ, ಬಂದೋನು ಬಂದಂಗೆ ನನ್ನ ಆನೆ ಮಾಡ್ಬುಟ್ಟಲ್ಲೋ!” ಎಂದರು. ಅಣ್ಣ ನಗಬಾರದೆಂದು ತಡೆದುಕೊಂಡ. ಆಗಲಿಲ್ಲ. ಬಾಯಲ್ಲಿದ್ದ ಸಾರು ನೆತ್ತಿಗೇರಿತು.

ಮುಂದಿನ ವಾರ ಅವನು ಒಂದು ಟೆಂಪೊದಲ್ಲಿ ಹೊಳಪಿಲ್ಲದ ತುಂಡುಗಳನ್ನು ತುಂಬಿಸಿಕೊಂಡು ಬಂದ. ದಿನವೂ ಫ್ಯಾಕ್ಟರಿಯ ಗೇಟಿನಲ್ಲಿ ದಾಟಿ ಹೋಗುತ್ತಿದ್ದ ರಾಶಿಯಿಂದಲೇ ಆರಿಸಿದ್ದು. ಈ ಸಲ ಕಣ್ಣಿನ ಪರೀಕ್ಷೆ ಇರಲಿಲ್ಲ. ಚಪ್ಪಲಿ ಬಿಟ್ಟು ಒಂದೊಂದರ ಮೇಲೂ ನಿಂತು ನೋಡಿದೆ ಎಂದ. ಅವನ ಜೊತೆಯವರು, ಇವನಿಗೆ ಹರಕೆ ಏನಾದರೂ ಇದೆಯೋ ಎಂದು ಕೇಳಿದರಂತೆ.

ಅದೇ ಮೇಸ್ತ್ರಿ ಬಂದರು. ಅತ್ತೆಯ ಚಾಪೆಯಿಂದ ಅಡಿಗೆಮನೆಗೆ, ಹಿತ್ತಲ ಬಾಗಿಲಿಗೆ, ಜಗಲಿಗೆ ಒಬ್ಬರು ನಡೆಯುವಷ್ಟು ಅಗಲದ ಪಟ್ಟಿಯಲ್ಲಿ ಹೊಳೆಯುವ ಕಲ್ಲುಗಳನ್ನು ಎಬ್ಬಿಸಿದರು. ಪ್ರತಿ ಏಟಿಗೂ ಅಣ್ಣ ಮುಖ ತಿರುಗಿಸುತ್ತಿದ್ದ.

“ಕನ್ನಡಿ ಮಧ್ಯಕ್ಕ ಎಮ್ಮೆ ಚರ್ಮ ಆಕುಸ್ತಿಯಲ್ಲಪ್ಪ” ಎಂದರು ಮೇಸ್ತ್ರಿ.

“ಎಮ್ಮೆ ಜಾರದ್ನ ಎಲ್ಲಾರ ನೋಡಿದ್ದಿಯಾ?” ಎಂದರು ಅತ್ತೆ. “ಸುಮ್ಕ ಆಕಪ್ಪ.”

ಅವರು ಸುಮ್ಮನೆ ಕೂರಲಿಲ್ಲ. ಮೊದಲ ಎರಡು ಕಲ್ಲು ಕೂತ ಮೇಲೆ ತೆವಳಿಕೊಂಡು ಹೋಗಿ ಅಂಗೈ ಆಡಿಸಿ, “ಗೆರೆ ಒಂದ್ಕಡೆ ಉದ್ದುಕ್ಕದ, ಒಂದ್ಕಡೆ ಅಡ್ಡಕ್ಕದ” ಎಂದರು. ಮೇಸ್ತ್ರಿ ತುಂಡು ಹೇಗೆ ಹೊಂದಿತೋ ಹಾಗೆ ಇಟ್ಟಿದ್ದರು. ಗರಗಸದ ಗೆರೆ ಯಾವ ಕಡೆಗಿದೆ ಎಂದು ನಾವು ಯಾರೂ ನೋಡಿರಲಿಲ್ಲ. ಹೀಗಾಗಿ ಒಂದು ಪದ್ಧತಿ ಹುಟ್ಟಿತು. ನಡೆಯುವ ದಾರಿಯುದ್ದಕ್ಕೂ ಗೆರೆಗಳು ನಡೆಯುವ ದಿಕ್ಕಿಗೇ ಇರಬೇಕು. ಬಾಗಿಲು ಬಂದಾಗ, ದಾರಿ ತಿರುಗುವಾಗ ಒಂದು ಕಲ್ಲಿನ ಗೆರೆ ಅಡ್ಡ ಬರಬೇಕು. ಮೇಸ್ತ್ರಿ ಕಲ್ಲಿಡುವುದು, ಅತ್ತೆ ಸವರಿ “ಊಂ” ಎನ್ನುವುದು, ಅಣ್ಣ ಮರದ ಸುತ್ತಿಗೆಯಿಂದ ತಟ್ಟುವುದು. ಒಮ್ಮೆ ಅವರು “ಉಹುಂ” ಎಂದಾಗ ಮೇಸ್ತ್ರಿ, “ನಿಮ್ಮತ್ತೆ ಎಂಜಿನಿಯರ್ರು ಓದವ್ರಾ?” ಎಂದು ಅಣ್ಣನನ್ನು ಕೇಳಿದರು. “ನಿನ್ ಕೂಲಿ ಮುಗೀಲಿ, ಆಮೇಲ್ ಹೇಳ್ತೀನಿ” ಎಂದರು ಅತ್ತೆ. ಬಹಳ ದಿನಗಳ ಮೇಲೆ ಅವರ ಬಾಯಿ ಹಾಗೆ ಓಡಿದ್ದು.

ಸಿಮೆಂಟು ಒಣಗುವವರೆಗೆ ನಾವೆಲ್ಲ ಆ ಪಟ್ಟಿಯನ್ನು ತುಳಿಯದೆ ದಾಟಿ ದಾಟಿ ಓಡಾಡಿದೆವು. ಒಣಗಿದ ಮೇಲೆ ಒಂದು ಭಾನುವಾರ, ಅಪ್ಪನನ್ನು ಬಿಟ್ಟು ಎಲ್ಲರೂ ಮನೆಯಲ್ಲಿದ್ದೆವು. ಮಧ್ಯಾಹ್ನದ ಊಟವಾಗಿತ್ತು. ಅಣ್ಣ ಕಂಬಕ್ಕೆ ಒರಗಿ ನಿಂತ. ಅವ್ವ ಸೆರಗಿನಲ್ಲಿ ಕೈ ಒರೆಸುತ್ತ ಬಂದಳು. ನಾನು ಪೇಪರು ತಿದ್ದುವುದನ್ನು ನಿಲ್ಲಿಸಿದೆ. ಅತ್ತೆ ಎದ್ದು ನಿಂತರು. ಕಾಲು ಮುಂದಿಡಲಿಲ್ಲ.

“ಎಲ್ಲಾರೂ ಇಲ್ಲೇ ಇದ್ದೀರಾ?”

“ಇದ್ದೀವಿ ಕಣಕ್ಕ,” ಎಂದಳು ಅವ್ವ.

“ದೊಂಬರಾಟ ನೋಡಕ್ ಬಂದವ್ರಂಗ ನಿಂತ್ಕತ್ತೀರಲ್ಲ. ಓಗಿ ಆಚ್ಗ. ಬಾಗ್ಲು ಎಳ್ಕಳಿ.”

ನಾವು ಮೂವರೂ ಜಗಲಿಗೆ ಹೋಗಿ ಬಾಗಿಲು ಎಳೆದುಕೊಂಡೆವು. ಹಾಗಾಗಿ ಅತ್ತೆ ಆ ದಾರಿಯಲ್ಲಿ ಮೊದಲ ಸಲ ನಡೆದದ್ದನ್ನು ನಮ್ಮಲ್ಲಿ ಯಾರೂ ನೋಡಿಲ್ಲ. ಅವರು ಹೇಗೆ ಕಾಲಿಟ್ಟರು, ಗೋಡೆಗೆ ಕೈ ಚಾಚಿದರೋ ಇಲ್ಲವೋ, ಎಲ್ಲಾದರೂ ನಿಂತರೋ, ನನಗೆ ಗೊತ್ತಿಲ್ಲ. ಕೆಲವು ವರ್ಷ ಕಳೆದ ಮೇಲೆ ಅವರು ನಡೆಯುತ್ತಿರುವ ಚಿತ್ರವೊಂದು ನನ್ನ ತಲೆಯಲ್ಲಿ ಬಂದು ಕೂತಿತು, ಬಲಗಾಲು ಮುಂದೆ, ಸೆರಗು ಸೊಂಟಕ್ಕೆ ಸಿಕ್ಕಿಸಿ. ಅದು ನಾನೇ ಕಟ್ಟಿಕೊಂಡದ್ದು. ಬಾಗಿಲು ಮುಚ್ಚಿತ್ತು.

ಹೊರಗೆ ಬಿಸಿಲು. ಬೀದಿಯಲ್ಲಿ ಯಾರೋ ಸೈಕಲ್ಲಿನಲ್ಲಿ ಹೋದರು. ಅಣ್ಣ ಜಗಲಿಯ ತುದಿಯಲ್ಲಿ ಕೂತು ಉಗುರು ಕಚ್ಚುತ್ತಿದ್ದ. ಮೊದಲು ಏನೂ ಕೇಳಿಸಲಿಲ್ಲ. ಆಮೇಲೆ ದೂರದಲ್ಲಿ, ಹಿತ್ತಲ ಬಾಗಿಲ ಅಗುಳಿ ಸರಿದ ಸದ್ದು. ಅವ್ವ ನನ್ನ ಮೊಣಕೈ ಹಿಡಿದಳು. ಹಿತ್ತಲಲ್ಲಿ ಕೋಳಿಗಳು ಗದ್ದಲ ಮಾಡಿದವು, ಅತ್ತೆ ಅವನ್ನು ಬಯ್ದರು. ಚೊಂಬು ಹಂಡೆಗೆ ತಗುಲಿತು. ಮತ್ತೆ ಅಗುಳಿ ಬಿತ್ತು. ಅಣ್ಣ ಎದ್ದು ನಿಂತ. ಎಷ್ಟು ಹೊತ್ತಾಯಿತೋ, ನಮಗೆ ಬಹಳ ಹೊತ್ತೆನಿಸಿತು.

ಬೀದಿ ಬಾಗಿಲು ಒಳಗಿನಿಂದ ತೆರೆಯಿತು. ಅತ್ತೆ ಹೊಸಲ ಒಳಗೆ ನಿಂತಿದ್ದರು, ಮುಖಕ್ಕೆ ನೀರು ಹಾಕಿಕೊಂಡು. ಒಂದು ಕೈ ಬಾಗಿಲ ಮೇಲೆ. ನಾವು ಎಲ್ಲಿದ್ದೇವೆಂದು ಅವರಿಗೆ ಗೊತ್ತಿತ್ತು. ಆ ಕಡೆಗೇ ತಿರುಗಿ, ದೂರದ ಊರಿಂದ ಬಂದ ನೆಂಟರಿಗೆ ಹೇಳುವ ಹಾಗೆ ಹೇಳಿದರು:

“ಯಾಕ್ರಪ್ಪ ಬಿಸ್ಲಲ್ಲಿ ಕೂತಿದ್ದೀರಿ? ಬನ್ನಿ ಒಳಕ್ಕ.”